ಕಂಪ್ಯೂಟರ್ ಕಲಿಸಿದ ದುಡಿಯುವ ಬಂಡವಾಳದ ಪಾಠ

"ಕಾಮರ್ಸ್ ಓದುವ ಹುಡುಗನಿಗೆ ಈ ಕೆಲಸವೆಲ್ಲ ಯಾಕೆ ಬೇಕಿತ್ತು?" ಎಂದು ಆಪಾ ಆ ರಾತ್ರಿ ಕೇಳಿದಾಗ ನನ್ನ ಬಳಿ ಉತ್ತರ ಇರಲಿಲ್ಲ. ಈಗ ಇದೆ. "ಹಾಗಾದರೆ ಅದನ್ನು ನಿಮ್ಮ ಕಾಲೇಜಿನ ಪತ್ರಿಕೆಗೆ ಬರೆದು ಕೊಡು, ನಿನ್ನಂಥವರು ಇನ್ನೂ ಇರುತ್ತಾರೆ" ಎಂದು ಅವಳೇ ಹೇಳಿದ್ದರಿಂದ ಬರೆಯುತ್ತಿದ್ದೇನೆ.

ಶಿಡ್ಲಘಟ್ಟದವರಿಗೆ ಫಿಲೇಚರ್ ಎಂದರೇನೆಂದು ಹೇಳಬೇಕಾಗಿಲ್ಲ. ನಮ್ಮ ಮನೆಯ ಹಿಂಭಾಗದಲ್ಲಿ ಅಬ್ಬಾ ನಡೆಸುವ ಆರು ಬೇಸಿನ್‌ಗಳ ಒಂದು ಸಣ್ಣ ಫಿಲೇಚರ್ ಇದೆ. ಬೆಳಿಗ್ಗೆ ಮಾರುಕಟ್ಟೆಯ ಹರಾಜಿನಲ್ಲಿ ರೇಷ್ಮೆಗೂಡು ಕೊಳ್ಳುವುದು, ಬಿಸಿನೀರಿನಲ್ಲಿ ಬೇಯಿಸಿ ನೂಲು ಬಿಚ್ಚುವುದು, ನೂಲು ಮಾರಿದ ಹಣದಲ್ಲಿ ಮತ್ತೆ ಗೂಡು ಕೊಳ್ಳುವುದು, ಹೀಗೆ ಚಕ್ರ ತಿರುಗುತ್ತಿರುತ್ತದೆ. ಲೆಕ್ಕವೆಲ್ಲ ಒಂದು ಉದ್ದನೆಯ ನೋಟ್ ಪುಸ್ತಕದಲ್ಲಿ, ಅಬ್ಬಾ ಅವರ ಉರ್ದು ಕೈಬರಹದಲ್ಲಿದೆ. ಪ್ರಥಮ ಪಿಯುಸಿಯಲ್ಲಿ ಜರ್ನಲ್, ಲೆಡ್ಜರ್ ಕಲಿತ ಹುರುಪಿನಲ್ಲಿ ನಾನು ಆ ಪುಸ್ತಕವನ್ನು ಬಿಡಿಸಿ ಕುಳಿತೆ. ಆಗ ಕಣ್ಣಿಗೆ ಬಿದ್ದ ಮೊದಲ ವಿಷಯ ಇದು: ಬೇಸಿನ್ ಆರು ಇದ್ದರೂ ವರ್ಷದ ಬಹುಪಾಲು ದಿನ ಓಡುವುದು ನಾಲ್ಕೇ.

ನಾನು ಅಬ್ಬಾ ಜೊತೆ ವಾದಕ್ಕೇ ಇಳಿದೆ. "ಎರಡು ಬೇಸಿನ್ ಸುಮ್ಮನೆ ಕೂತಿವೆ. ಅದಕ್ಕೆ ಹಾಕಿದ ಹಣ ವ್ಯರ್ಥ ಅಲ್ಲವಾ? ಆರೂ ಓಡಿಸಿದರೆ ಒಂದೂವರೆ ಪಟ್ಟು ನೂಲು ಬರುತ್ತದೆ" ಎಂದೆ. ಅಬ್ಬಾ ನಕ್ಕು, "ಚಾದರ್ ದೇಖ್ ಕೇ ಪಾವ್ ಪಸಾರ್ನಾ ಬೇಟಾ" ಎಂದರು. ಕನ್ನಡದಲ್ಲೂ ಅದೇ ಗಾದೆ ಇದೆಯಲ್ಲ, ಹಾಸಿಗೆ ಇದ್ದಷ್ಟು ಕಾಲು ಚಾಚು. ಹಳೆಯ ಕಾಲದವರ ಮಾತು ಎಂದು ನಾನು ಅಲ್ಲಿಗೆ ಬಿಟ್ಟೆ.

ಅಬ್ಬಾ ಅವರ ಲೆಕ್ಕವನ್ನು ಕಂಪ್ಯೂಟರ್‌ಗೆ ಹಾಕಬೇಕೆಂದು ಹುಡುಕಿದಾಗ ಗ್ನೂಕ್ಯಾಶ್ ಎಂಬ ಲೆಕ್ಕಪತ್ರದ ಸಾಫ್ಟ್‌ವೇರ್ ಸಿಕ್ಕಿತು. ಅದರ ಮೊದಲ ಸ್ಥಿರ ಆವೃತ್ತಿ ಬಂದದ್ದು 1998ರಲ್ಲಿ. ನಾವು ತರಗತಿಯಲ್ಲಿ ಕಲಿಯುವ ದ್ವಿನಮೂದು ಪದ್ಧತಿಯಲ್ಲೇ ಅದು ನಡೆಯುತ್ತದೆ, ಪ್ರತಿ ಡೆಬಿಟ್‌ಗೂ ಒಂದು ಕ್ರೆಡಿಟ್. ಅದಕ್ಕೆ ಹಣ ಕೊಡಬೇಕಾಗಿಲ್ಲ, ಅದರ ಮೂಲ ಬರಹ, ಅಂದರೆ ಸೋರ್ಸ್ ಕೋಡ್, ಯಾರು ಬೇಕಾದರೂ ಓದಬಹುದು. ನಮ್ಮ ಮನೆಯಲ್ಲಿರುವುದು ಆಪಾ ಬಿ.ಎಡ್. ಓದುವಾಗ ಕೊಂಡ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್. ನಾಲ್ಕು ಜಿಬಿ ಮೆಮೊರಿ, ತಿರುಗುವ ಹಳೆಯ ಹಾರ್ಡ್ ಡಿಸ್ಕ್. ಅದರಲ್ಲಿ ಲಿನಕ್ಸ್ ಹಾಕಿಸಿಕೊಂಡಿದ್ದೆವು. ಲಿನಕ್ಸ್ ಜೊತೆ ಸಿಗುವ ಗ್ನೂಕ್ಯಾಶ್ ಹಳೆಯ ಆವೃತ್ತಿಯಾಗಿತ್ತು. ಹೊಸದನ್ನು ಸಿದ್ಧ ರೂಪದಲ್ಲಿ ಪಡೆಯುವ ದಾರಿಗಳಿವೆ ಎಂದು ಆಮೇಲೆ ಗೊತ್ತಾಯಿತು. ಆದರೆ ನಿಜ ಹೇಳಬೇಕೆಂದರೆ, ಸೋರ್ಸ್ ಕೋಡ್ ತಂದು ನಾನೇ ಕಟ್ಟಬೇಕು ಎಂಬ ಆಸೆ ನನ್ನ ತಲೆಗೆ ಹತ್ತಿತ್ತು.

ಕಟ್ಟುವುದು ಎಂದರೆ ಏನು ಎಂದು ಕಾಮರ್ಸ್‌ನ ಗೆಳೆಯರಿಗಾಗಿ ಸ್ವಲ್ಪ ಹೇಳುತ್ತೇನೆ. ಒಂದು ದೊಡ್ಡ ಸಾಫ್ಟ್‌ವೇರ್ ಎಂದರೆ ನೂರಾರು ಸಣ್ಣ ಫೈಲುಗಳು. ಮನುಷ್ಯರು ಬರೆದ ಪ್ರತಿ ಫೈಲನ್ನೂ ಕಂಪೈಲರ್ ಓದಿ ಯಂತ್ರದ ಭಾಷೆಗೆ ತಿರುಗಿಸುತ್ತದೆ. ಕೊನೆಯಲ್ಲಿ ಲಿಂಕರ್ ಎಂಬುದು ಆ ತುಂಡುಗಳನ್ನೆಲ್ಲ ಜೋಡಿಸುತ್ತದೆ. ಯಾವ ಫೈಲು ಬದಲಾಗಿದೆ, ಯಾವುದನ್ನು ಮತ್ತೆ ತಿರುಗಿಸಬೇಕು, ಯಾವುದನ್ನು ಬಿಡಬಹುದು ಎಂದು ಲೆಕ್ಕ ಇಡಲು ಬೇರೆ ಒಂದು ಪ್ರೋಗ್ರಾಂ ಇರುತ್ತದೆ. 1976ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಬರೆದ 'ಮೇಕ್' ಇಂಥದ್ದು. ಈಚಿನದು 'ನಿಂಜಾ'. ಇವು ಒಂದು ರೀತಿಯಲ್ಲಿ ಫಿಲೇಚರ್‌ನ ಮೇಸ್ತ್ರಿಗಳು. ತಾವು ನೂಲು ಬಿಚ್ಚುವುದಿಲ್ಲ, ಯಾರು ಯಾವ ಬೇಸಿನ್‌ಗೆ ಕೂರಬೇಕು ಎಂದು ಹೇಳುತ್ತವೆ.

ಒಂದು ಫೈಲಿಗೂ ಇನ್ನೊಂದಕ್ಕೂ ಸಾಮಾನ್ಯವಾಗಿ ಕಾಯುವ ಸಂಬಂಧ ಇರುವುದಿಲ್ಲ. ಆದ್ದರಿಂದ ಒಂದೇ ಸಲ ಹಲವು ಫೈಲುಗಳನ್ನು ಕಂಪೈಲ್ ಮಾಡಬಹುದು. ಎಷ್ಟು ಎಂದು ಹೇಳಲು 'ಜೆ' ಎಂಬ ಆಯ್ಕೆ ಇದೆ. '-ಜೆ2' ಎಂದರೆ ಏಕಕಾಲಕ್ಕೆ ಎರಡು ಕೆಲಸ, '-ಜೆ4' ಎಂದರೆ ನಾಲ್ಕು. ಏನೂ ಹೇಳದಿದ್ದರೆ ಮೇಕ್ ಒಂದೊಂದನ್ನೇ ಮಾಡುತ್ತದೆ. ಸಂಖ್ಯೆ ಇಲ್ಲದೆ ಬರೀ '-ಜೆ' ಎಂದು ಬಿಟ್ಟರೆ ಅದಕ್ಕೆ ಮಿತಿಯೇ ಇಲ್ಲ, ಮಾಡಬಹುದಾದ ಎಲ್ಲವನ್ನೂ ಒಟ್ಟಿಗೆ ಶುರು ಮಾಡುತ್ತದೆ. ನಿಂಜಾಗೆ ಏನೂ ಹೇಳದಿದ್ದರೆ ಅದು ಪ್ರೊಸೆಸರ್‌ಗಳನ್ನು ಎಣಿಸಿ, ಅದಕ್ಕೆ ಎರಡು ಸೇರಿಸಿ ಅಷ್ಟು ಕೆಲಸ ಹಚ್ಚುತ್ತದೆ. ನಮ್ಮ ಲ್ಯಾಪ್‌ಟಾಪ್ ತನ್ನಲ್ಲಿ ನಾಲ್ಕು ಇವೆ ಎನ್ನುತ್ತದೆ. ನಾಲ್ಕಕ್ಕೆ ಎರಡು ಸೇರಿದರೆ ಆರು.

ಅದು ಜುಲೈ ತಿಂಗಳ ಒಂದು ರಾತ್ರಿ. ಆಪಾ ಶಿಕ್ಷಕರ ಅರ್ಹತಾ ಪರೀಕ್ಷೆಗೆ ಅರ್ಜಿ ತುಂಬುತ್ತಿದ್ದಳು. ಮರುದಿನವೇ ಕೊನೆಯ ದಿನ. ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಸಹಿ, ಫೋಟೊ ಎಲ್ಲವನ್ನೂ ಹೇಳಿದ ಅಳತೆಗೆ ಕತ್ತರಿಸಿ ಹಾಕುತ್ತಾ ಮುಕ್ಕಾಲು ಗಂಟೆ ಕೂತಿದ್ದಳು. ಅಮ್ಮಿ ಊಟಕ್ಕೆ ಕರೆದಾಗ ಅರ್ಜಿಯನ್ನು ಹಾಗೇ ತೆರೆದಿಟ್ಟು ಎದ್ದು ಹೋದಳು. ನನಗೆ ಅಷ್ಟು ಸಾಕಾಗಿತ್ತು. ಅರ್ಜಿಯ ಕಿಟಕಿಯನ್ನು ಪಕ್ಕಕ್ಕೆ ಸರಿಸಿ, ನಿಂಜಾ ಎಂದು ಟೈಪ್ ಮಾಡಿ, ಎಂಟರ್ ಒತ್ತಿ ನಾನೂ ಊಟಕ್ಕೆ ಹೋದೆ. ಅವಳು ಬರುವಷ್ಟರಲ್ಲಿ ಅರ್ಧ ಕೆಲಸ ಮುಗಿದಿರುತ್ತದೆ ಎಂದು ನನ್ನ ಲೆಕ್ಕ.

ತಿರುಗಿ ಬಂದಾಗ ಪರದೆ ಕಲ್ಲಾಗಿತ್ತು. ಮೌಸ್ ಬಾಣ ಅಲುಗುತ್ತಿರಲಿಲ್ಲ. ಹಾರ್ಡ್ ಡಿಸ್ಕ್‌ನ ದೀಪ ಮಾತ್ರ ಆರದೆ ಉರಿಯುತ್ತಿತ್ತು, ಒಳಗಿನಿಂದ ಕರಕರ ಸದ್ದು. ಹತ್ತು ನಿಮಿಷವಾದರೂ ಹಾಗೇ. ಆಮೇಲೆ ಒಮ್ಮೆಲೇ ಪರದೆಗೆ ಜೀವ ಬಂತು, ಆದರೆ ಬ್ರೌಸರ್ ಇರಲಿಲ್ಲ. ಅರ್ಜಿ ಇದ್ದ ಕಿಟಕಿ ತಾನಾಗಿ ಮುಚ್ಚಿಹೋಗಿತ್ತು. ನನ್ನ ಬಿಲ್ಡ್ ಮಾತ್ರ ಏನೂ ಆಗದವರ ಹಾಗೆ ಮುಂದುವರಿಯುತ್ತಿತ್ತು.

"ಕ್ಯಾ ಕರ್ಯಾ ರೇ ತೂ?" ಎಂದಳು ಆಪಾ. ಏನು ಮಾಡಿದೆಯೋ ನೀನು ಎಂದಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಮತ್ತೆ ತೆರೆದರೆ ಅರ್ಜಿ ಮೊದಲ ಪುಟದಿಂದ ಶುರು, ತುಂಬಿದ್ದೊಂದೂ ಇಲ್ಲ. ಲ್ಯಾಪ್‌ಟಾಪ್ ಇನ್ನೂ ಏದುಸಿರು ಬಿಡುತ್ತಿತ್ತು, ರಾತ್ರಿ ಬೇರೆ ಆಗಿತ್ತು. ಕಾಮರ್ಸ್ ಹುಡುಗನ ಬಗ್ಗೆ ಅವಳು ಆ ಪ್ರಶ್ನೆ ಕೇಳಿದ್ದು ಆಗಲೇ. ಮರುದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮೊದಲೇ ಹೋಗಿ ಸೈಬರ್ ಸೆಂಟರ್ ಮುಂದೆ ಕಾದು ನಿಂತು, ಹಣ ಕೊಟ್ಟು ಅರ್ಜಿ ಹಾಕಿಬಂದಳು. ಅರ್ಜಿ ಹೋಯಿತು, ಅಲ್ಹಮ್ದುಲಿಲ್ಲಾಹ್. ಆದರೆ ಅವಳು ಅಲ್ಲಿ ಕಾಯುತ್ತಿದ್ದ ಎರಡು ಗಂಟೆ ನಾನು ತರಗತಿಯಲ್ಲಿ ಕೂತು ಒಂದು ಅಕ್ಷರವನ್ನೂ ಕೇಳಿಸಿಕೊಳ್ಳಲಿಲ್ಲ. ಸರ್ವರ್ ಕೈಕೊಟ್ಟಿದ್ದರೆ? ಕರೆಂಟ್ ಹೋಗಿದ್ದರೆ? ಅವಳ ಒಂದು ವರ್ಷವನ್ನು ನಾನು ಒಂದು ಎಂಟರ್ ಒತ್ತಿ ಪಣಕ್ಕಿಟ್ಟಿದ್ದೆ.

ಮಧ್ಯಾಹ್ನ ಲ್ಯಾಪ್‌ಟಾಪ್ ಹಿಡಿದುಕೊಂಡು ನಮ್ಮ ಲ್ಯಾಬ್ ಸರ್ ಬಳಿ ಹೋದೆ. "ಸಾಫ್ಟ್‌ವೇರ್‌ನಲ್ಲಿ ಏನೋ ದೋಷ ಇದೆ ಸರ್" ಎಂದೆ. ಅವರು ಕಂಪ್ಯೂಟರ್‌ನ ದಿನಚರಿಯನ್ನು ತೆರೆದು ತೋರಿಸಿದರು. ಲಿನಕ್ಸ್‌ನ ಹೃದಯವಾದ ಕರ್ನಲ್ ತಾನು ಮಾಡಿದ್ದನ್ನೆಲ್ಲ ಬರೆದಿಡುತ್ತದೆ. ಅಲ್ಲಿ ಆ ರಾತ್ರಿಯ ಹೊತ್ತಿಗೆ ಸರಿಯಾಗಿ ಒಂದು ಸಾಲಿತ್ತು: ಮೆಮೊರಿ ಮುಗಿದಿದೆ, ಆದ್ದರಿಂದ ಈ ಪ್ರಕ್ರಿಯೆಯನ್ನು ಕೊಂದಿದ್ದೇನೆ. ಕೊಂದದ್ದರ ಹೆಸರು ಬ್ರೌಸರ್. "ದೋಷ ಸಾಫ್ಟ್‌ವೇರ್‌ನದ್ದಲ್ಲಪ್ಪಾ" ಎಂದರು ಸರ್. "ನೀನು ಎಷ್ಟು ಜನರನ್ನು ಕೆಲಸಕ್ಕೆ ಹಚ್ಚಿದೆ ಎಂದು ಎಣಿಸಿದೆಯಾ? ಅವರು ಕೂರಲು ಎಷ್ಟು ಜಾಗ ಇದೆ ಎಂದು ನೋಡಿದೆಯಾ?"

ನಾನು ನೋಡಿರಲಿಲ್ಲ. ನಿಂಜಾ ಕೂಡ ನೋಡುವುದಿಲ್ಲ. ಅದು ಎಣಿಸುವುದು ಕೈಗಳನ್ನು ಮಾತ್ರ. ಪ್ರತಿ ಕಂಪೈಲರ್ ತನ್ನ ಫೈಲನ್ನೂ ಆ ಫೈಲು ಕರೆದುಕೊಳ್ಳುವ ಬೇರೆ ಹತ್ತಾರು ಫೈಲುಗಳನ್ನೂ ಮೆಮೊರಿಯಲ್ಲಿ ಹರಡಿಕೊಂಡು ಕೂರುತ್ತದೆ. ಸಿ ಭಾಷೆಯ ಸರಳ ಫೈಲಿಗೆ ಸ್ವಲ್ಪ ಜಾಗ ಸಾಕು. ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಟೆಂಪ್ಲೇಟ್‌ಗಳನ್ನು ಹೆಚ್ಚು ಬಳಸಿದ ಫೈಲಿಗೆ ಅದರ ಹತ್ತು ಪಟ್ಟೂ ಬೇಕಾಗಬಹುದು. ಗ್ನೂಕ್ಯಾಶ್‌ನಲ್ಲಿ ಎರಡು ಬಗೆಯವೂ ಇವೆ. ಆರು ಕೆಲಸಗಾರರು ಒಂದೇ ಸಲ ದೊಡ್ಡ ಫೈಲುಗಳನ್ನು ಹರಡಿಕೊಂಡಾಗ ನಾಲ್ಕು ಜಿಬಿಯ ಕೋಣೆ ತುಂಬಿಹೋಯಿತು.

ತುಂಬಿದ ಕೂಡಲೇ ಕಂಪ್ಯೂಟರ್ ನಿಲ್ಲುವುದಿಲ್ಲ. ಅದು ಸಾಲ ಮಾಡುತ್ತದೆ. ಸದ್ಯಕ್ಕೆ ಬೇಡವೆನಿಸಿದ ಪುಟಗಳನ್ನು ಹಾರ್ಡ್ ಡಿಸ್ಕ್‌ನ ಒಂದು ಮೂಲೆಗೆ ಸಾಗಿಸುತ್ತದೆ. ಅದಕ್ಕೆ ಸ್ವಾಪ್ ಎನ್ನುತ್ತಾರೆ. ಈ ಸಾಲದ ಬಡ್ಡಿ ಎಷ್ಟು ಗೊತ್ತೇ? ಮೆಮೊರಿಯಿಂದ ಒಂದು ತುಣುಕನ್ನು ಓದಲು ಸುಮಾರು ಒಂದು ಸೆಕೆಂಡಿನ ಕೋಟಿಯಲ್ಲಿ ಒಂದು ಪಾಲು ಸಮಯ ಸಾಕು. ತಿರುಗುವ ಹಾರ್ಡ್ ಡಿಸ್ಕ್‌ನಲ್ಲಿ ಅದೇ ತುಣುಕನ್ನು ಹುಡುಕಲು ಸುಮಾರು ಸೆಕೆಂಡಿನ ನೂರರಲ್ಲಿ ಒಂದು ಪಾಲು ಬೇಕು. ಭಾಗಿಸಿ ನೋಡಿ, ಒಂದು ಲಕ್ಷ ಪಟ್ಟು ನಿಧಾನ. ಸ್ವಲ್ಪ ಸಾಲವಾದರೆ ನಡೆಯುತ್ತದೆ. ಆದರೆ ಆರು ಜನರೂ ತಮ್ಮ ಪುಟ ಬೇಕೆಂದು ಸರದಿಯಲ್ಲಿ ನಿಂತಾಗ, ಒಬ್ಬನದ್ದನ್ನು ತರಲು ಇನ್ನೊಬ್ಬನದ್ದನ್ನು ಹೊರಗೆ ಹಾಕಬೇಕು. ಕಂಪ್ಯೂಟರ್ ಕೆಲಸ ಮಾಡುವುದನ್ನು ಬಿಟ್ಟು ಸಾಮಾನು ಸಾಗಿಸುವುದನ್ನೇ ಮಾಡುತ್ತದೆ. ನಾನು ಕೇಳಿದ ಕರಕರ ಸದ್ದು ಅದೇ.

ಸಾಲ ಸಿಗುವ ದಾರಿಯೂ ಮುಚ್ಚಿದಾಗ ಕರ್ನಲ್ ಒಂದು ಪ್ರಕ್ರಿಯೆಯನ್ನು ಕೊಲ್ಲುತ್ತದೆ. ಯಾರನ್ನು? ಈ ಭಾಗ ನನಗೆ ಇವತ್ತಿಗೂ ಚುಚ್ಚುತ್ತದೆ. ತಪ್ಪು ಯಾರದೆಂದು ಅದು ವಿಚಾರಣೆ ಮಾಡುವುದಿಲ್ಲ. ಮುಖ್ಯವಾಗಿ ನೋಡುವುದು ಯಾರ ಬಳಿ ಹೆಚ್ಚು ಮೆಮೊರಿ ಇದೆ ಎಂಬುದನ್ನು, ಏಕೆಂದರೆ ಒಬ್ಬರನ್ನೇ ಕೊಂದು ಹೆಚ್ಚು ಜಾಗ ಬಿಡಿಸಬೇಕು. ನನ್ನ ಆರು ಕಂಪೈಲರ್‌ಗಳು ಒಂದೊಂದಾಗಿ ನೋಡಿದರೆ ಸಣ್ಣವು. ಒಟ್ಟಾಗಿ ಕೋಣೆ ತುಂಬಿಸಿದ್ದು ಅವೇ, ಆದರೆ ಪಟ್ಟಿಯಲ್ಲಿ ದೊಡ್ಡದಾಗಿ ಕಂಡದ್ದು ತನ್ನ ಪಾಡಿಗೆ ಅರ್ಜಿ ಹಿಡಿದು ಕೂತಿದ್ದ ಬ್ರೌಸರ್. ಕಾಲು ಚಾಚಿದವನು ನಾನು, ಹಾಸಿಗೆಯಿಂದ ಕೆಳಗೆ ಬಿದ್ದವಳು ಆಪಾ.

ಹೆದರಿದವನು ಮುಂದೆ ಏನು ಮಾಡುತ್ತಾನೋ ನಾನೂ ಅದನ್ನೇ ಮಾಡಿದೆ. ಮುಂದಿನ ವಾರ ಆಪಾಳಿಂದ ಅಪ್ಪಣೆ ಪಡೆದು '-ಜೆ1' ಎಂದು ಹಾಕಿದೆ. ಇಶಾ ನಮಾಝ್ ಮುಗಿಸಿ ಬಂದು ಶುರು ಮಾಡಿದ್ದು, ಎಲ್ಲರೂ ಮಲಗಿದರೂ ಮುಗಿಯಲಿಲ್ಲ. ಒಬ್ಬ ಕೆಲಸ ಮಾಡುತ್ತಿದ್ದ, ಉಳಿದ ಮೂವರು ಕೈಕಟ್ಟಿ ಕೂತಿದ್ದರು, ಮೆಮೊರಿಯೂ ಅರ್ಧ ಖಾಲಿ. ಇದೂ ತಪ್ಪು ಲೆಕ್ಕವೇ ಎಂದು ಅರ್ಥವಾಯಿತು. ಅಬ್ಬಾ ಆರು ಬೇಸಿನ್ ಓಡಿಸುವುದಿಲ್ಲ ನಿಜ, ಆದರೆ ಒಂದನ್ನೇ ಓಡಿಸುವುದೂ ಇಲ್ಲ. ನಾಲ್ಕು ಎಂಬ ಸಂಖ್ಯೆಯನ್ನು ಅವರು ಎಲ್ಲಿಂದಲೋ ತಂದಿದ್ದಾರೆ. ನನ್ನ ಸಂಖ್ಯೆಯನ್ನೂ ನಾನು ಊಹಿಸದೆ ಲೆಕ್ಕ ಹಾಕಿಯೇ ಹುಡುಕಬೇಕು.

ಸರ್ ಎರಡು ಅಳತೆಗಳನ್ನು ತೆಗೆದುಕೊಂಡು ಬಾ ಎಂದರು. ಒಂದು, ಒಬ್ಬ ಕೆಲಸಗಾರನಿಗೆ ಹೆಚ್ಚೆಂದರೆ ಎಷ್ಟು ಜಾಗ ಬೇಕು. ಲಿನಕ್ಸ್‌ನಲ್ಲಿ 'ಟೈಮ್' ಎಂಬ ಸಣ್ಣ ಪ್ರೋಗ್ರಾಂ ಇದೆ. ಅದನ್ನು 'ವಿ' ಆಯ್ಕೆಯೊಡನೆ ಯಾವುದಾದರೂ ಕೆಲಸದ ಮುಂದೆ ಹಾಕಿದರೆ, ಕೆಲಸ ಮುಗಿದ ಮೇಲೆ ಅದು ಎಷ್ಟು ಹೊತ್ತು ಹಿಡಿಯಿತು, ಗರಿಷ್ಠ ಎಷ್ಟು ಮೆಮೊರಿ ಬಳಸಿತು ಎಂದು ಹೇಳುತ್ತದೆ. ನಾನು ಒಂದೊಂದೇ ಫೈಲನ್ನು ಕಂಪೈಲ್ ಮಾಡಿ ನೋಡಿದೆ. ನಮ್ಮ ಲ್ಯಾಪ್‌ಟಾಪ್‌ನಲ್ಲಿ ಬಹಳಷ್ಟು ಫೈಲುಗಳಿಗೆ 300 ಎಂಬಿ ಒಳಗೇ ಸಾಕಾಯಿತು. ಅತಿ ಭಾರವಾದವು 600 ಎಂಬಿ ಹತ್ತಿರ ಹೋದವು.

ಎರಡನೆಯ ಅಳತೆ, ಈಗ ಎಷ್ಟು ಜಾಗ ಖಾಲಿ ಇದೆ. ಇದಕ್ಕೆ 'ಫ್ರೀ' ಎಂಬ ಕಮಾಂಡ್ ಇದೆ. ಇಲ್ಲಿ ನಾನು ಮತ್ತೆ ಎಡವಿದೆ. ಅದು ತೋರಿಸುವ ಪಟ್ಟಿಯಲ್ಲಿ 'ಫ್ರೀ' ಎಂಬ ಅಂಕಣವೂ ಇದೆ, 'ಅವೈಲೆಬಲ್' ಎಂಬ ಅಂಕಣವೂ ಇದೆ. ಮೊದಲನೆಯದು ಯಾರೂ ಮುಟ್ಟದ ಜಾಗ, ಬಹಳ ಕಡಿಮೆ ಕಾಣುತ್ತದೆ. ಏಕೆಂದರೆ ಲಿನಕ್ಸ್ ಮೆಮೊರಿಯನ್ನು ಸುಮ್ಮನೆ ಬಿಡುವುದಿಲ್ಲ, ಒಮ್ಮೆ ಓದಿದ ಫೈಲುಗಳನ್ನು ಮತ್ತೆ ಬೇಕಾದೀತೆಂದು ಅಲ್ಲೇ ಇಟ್ಟುಕೊಂಡಿರುತ್ತದೆ. ಬೇರೆಯವರು ಕೇಳಿದರೆ ಅದರಲ್ಲಿ ಬಹುಭಾಗವನ್ನು ತಕ್ಷಣ ಬಿಟ್ಟುಕೊಡುತ್ತದೆ. ಹಾಗೆ ಬಿಟ್ಟುಕೊಡಬಹುದಾದದ್ದನ್ನೂ ಸೇರಿಸಿ ಅಂದಾಜು ಮಾಡಿದ್ದು 'ಅವೈಲೆಬಲ್'. 2014ರಲ್ಲಿ ಬಂದ ಲಿನಕ್ಸ್ 3.14ರಿಂದ ಕರ್ನಲ್ ತಾನೇ ಈ ಅಂದಾಜನ್ನು ಕೊಡುತ್ತಿದೆ. ನೋಡಬೇಕಾದದ್ದು ಇದನ್ನು. ಡಬ್ಬದ ಮೇಲೆ ಬರೆದ ಒಟ್ಟು ಮೆಮೊರಿಯನ್ನಂತೂ ಅಲ್ಲವೇ ಅಲ್ಲ.

ಆಪಾ ಬ್ರೌಸರ್ ತೆರೆದು ಕೆಲಸ ಮಾಡುತ್ತಿರುವಾಗ ನಾನು ಹಾಕಿದ ಲೆಕ್ಕ ಇದು:

ಒಟ್ಟು ಮೆಮೊರಿ: 3.7 ಜಿಬಿ
ಅದರಲ್ಲಿ ಬಳಕೆಗೆ ಸಿಗುವುದು: 1.6 ಜಿಬಿ
ಕಳೆಯಿರಿ, ಆಪತ್ತಿಗೆಂದು ಮೀಸಲು: 0.4 ಜಿಬಿ
ಉಳಿಕೆ: 1.2 ಜಿಬಿ
ಒಂದು ಕೆಲಸಕ್ಕೆ ಗರಿಷ್ಠ: 0.6 ಜಿಬಿ
ಏಕಕಾಲಕ್ಕೆ ಮಾಡಬಹುದಾದ ಕೆಲಸ: 2

ರಾತ್ರಿ ಬ್ರೌಸರ್ ಮುಚ್ಚಿದ ಮೇಲೆ ಸಿಗುವುದು 2.7 ಜಿಬಿ. ಮೀಸಲು ಕಳೆದರೆ 2.3, ಅದನ್ನು 0.6ರಿಂದ ಭಾಗಿಸಿದರೆ ಮೂರು ಮುಕ್ಕಾಲಿಗಿಂತ ಸ್ವಲ್ಪ ಹೆಚ್ಚು. ಇಲ್ಲಿ ಮೇಲಕ್ಕೆ ಸರಿಹೊಂದಿಸಬಾರದು, ಕೆಳಕ್ಕೇ ಇಳಿಸಬೇಕು. ಮುಕ್ಕಾಲು ಕೆಲಸಗಾರ ಎಂಬವನು ಇಲ್ಲ. ಆದ್ದರಿಂದ ಮೂರು. ಒಂದು ವೇಳೆ ಮೆಮೊರಿ ಹತ್ತು ಜನರಿಗೆ ಸಾಲುವಷ್ಟಿದ್ದರೂ ಪ್ರೊಸೆಸರ್ ನಾಲ್ಕೇ ಇದ್ದರೆ ನಾಲ್ಕರ ಸುತ್ತಲೇ ನಿಲ್ಲಿಸಬೇಕು. ಎರಡು ಸಂಖ್ಯೆಗಳಲ್ಲಿ ಯಾವುದು ಚಿಕ್ಕದೋ ಅದೇ ನಮ್ಮ ಸಂಖ್ಯೆ.

"ಬಹಳಷ್ಟು ಫೈಲುಗಳಿಗೆ 300 ಸಾಕಲ್ಲ ಸರ್, ಸರಾಸರಿ ಹಿಡಿದರೆ ನಾಲ್ಕು ಓಡಿಸಬಹುದಲ್ಲ?" ಎಂದು ಕೇಳಿದೆ. ನಮ್ಮ ಸಂಖ್ಯಾಶಾಸ್ತ್ರದ ಗೆಳೆಯರಿಗೆ ಉತ್ತರ ಗೊತ್ತಿರಬಹುದು. ಸರಾಸರಿ ಆಳ ಮೂರು ಅಡಿ ಎಂದು ಕೇಳಿ ಕೆರೆಗೆ ಇಳಿದವನು ಮುಳುಗುವುದು ಆಳ ಇರುವ ಕಡೆ. ಭಾರದ ಫೈಲುಗಳು ಒಂದೇ ಫೋಲ್ಡರ್‌ನಲ್ಲಿ ಅಕ್ಕಪಕ್ಕ ಇರುತ್ತವೆ, ಆದ್ದರಿಂದ ಅವುಗಳ ಸರದಿಯೂ ಒಟ್ಟಿಗೇ ಬರುತ್ತದೆ. ಕೆಲವು ದೊಡ್ಡ ಸಾಫ್ಟ್‌ವೇರ್‌ಗಳಲ್ಲಿ ಕೊನೆಯ ಜೋಡಣೆಯ ಹಂತವೇ ಅತಿ ಭಾರ. ಎಲ್‌ಎಲ್‌ವಿಎಂ ಎಂಬ ಕಂಪೈಲರ್ ಯೋಜನೆಯವರು ಇದಕ್ಕೆಂದೇ ಎರಡು ಬೇರೆ ಬೇರೆ ಮಿತಿಗಳನ್ನು ಇಡಲು ಅನುಕೂಲ ಮಾಡಿದ್ದಾರೆ, ಕಂಪೈಲ್ ಕೆಲಸಗಳು ಇಷ್ಟು, ಲಿಂಕ್ ಕೆಲಸಗಳು ಇಷ್ಟು ಎಂದು. ಹಗುರ ಕೆಲಸಕ್ಕೆ ಹೆಚ್ಚು ಜನ, ಭಾರದ ಕೆಲಸಕ್ಕೆ ಕಡಿಮೆ ಜನ. ನಿಂಜಾದಲ್ಲಿ ಇದಕ್ಕೆ 'ಪೂಲ್' ಎಂಬ ವ್ಯವಸ್ಥೆ ಇದೆ.

ಮೇಕ್ ಮತ್ತು ನಿಂಜಾ ಎರಡರಲ್ಲೂ 'ಎಲ್' ಎಂಬ ಇನ್ನೊಂದು ಆಯ್ಕೆ ಇದೆ. ಕಂಪ್ಯೂಟರ್‌ನ ಮೇಲಿನ ಹೊರೆ ಇಂತಿಷ್ಟು ದಾಟಿದರೆ ಹೊಸ ಕೆಲಸ ಹಚ್ಚಬೇಡ ಎಂದು ಅದರ ಅರ್ಥ. ಇದು ನನ್ನನ್ನು ಕಾಪಾಡುತ್ತದೆ ಎಂದುಕೊಂಡೆ. ಆದರೆ ಅದು ನೋಡುವ ಹೊರೆ ಎಂದರೆ ಸರದಿಯಲ್ಲಿ ಎಷ್ಟು ಕೆಲಸ ನಿಂತಿದೆ ಎಂಬುದು, ಮೆಮೊರಿ ಎಷ್ಟು ಉಳಿದಿದೆ ಎಂಬುದಲ್ಲ. ಅದೂ ನಿಂಜಾದಲ್ಲಿ ಕಳೆದ ಒಂದು ನಿಮಿಷದ ಸರಾಸರಿ. ಅದು ಏರುವ ಹೊತ್ತಿಗೆ ಆರೂ ಜನ ಒಳಗೆ ಬಂದು ಕೂತಾಗಿರುತ್ತದೆ. ಕೊನೆಗೆ ಭಾಗಾಕಾರ ನಾವೇ ಮಾಡಬೇಕು.

ಇದೆಲ್ಲ ನಡೆಯುತ್ತಿರುವಾಗಲೇ ವ್ಯವಹಾರ ಅಧ್ಯಯನದ ತರಗತಿಯಲ್ಲಿ ಹಣಕಾಸು ನಿರ್ವಹಣೆಯ ಪಾಠ ಶುರುವಾಯಿತು. ಯಂತ್ರ, ಕಟ್ಟಡಗಳಿಗೆ ಹಾಕುವುದು ಸ್ಥಿರ ಬಂಡವಾಳ, ದಿನದಿನದ ವ್ಯವಹಾರಕ್ಕೆ ಬೇಕಾದದ್ದು ದುಡಿಯುವ ಬಂಡವಾಳ ಎಂದು ಮೇಡಂ ಬೋರ್ಡ್ ಮೇಲೆ ಬರೆದರು. ನಾನು ಪೆನ್ನು ಕೆಳಗಿಟ್ಟೆ. ಪ್ರೊಸೆಸರ್ ಸ್ಥಿರ ಆಸ್ತಿ. ಮೆಮೊರಿ ದುಡಿಯುವ ಬಂಡವಾಳ. ಒಂದು ಕೆಲಸ ಶುರುವಾದಾಗ ಅಷ್ಟು ಮೆಮೊರಿ ಅದರಲ್ಲಿ ಸಿಕ್ಕಿಕೊಳ್ಳುತ್ತದೆ, ಮುಗಿದ ಮೇಲೆ ತಿರುಗಿ ಬರುತ್ತದೆ, ಮುಂದಿನ ಕೆಲಸಕ್ಕೆ ಹೋಗುತ್ತದೆ. ಸ್ವಾಪ್ ಎಂದರೆ ಕೈಸಾಲ. ಯಂತ್ರ ಎಷ್ಟಿವೆ ಎಂದು ನೋಡಿ ವ್ಯಾಪಾರ ಹಿಗ್ಗಿಸಿ, ದುಡಿಯುವ ಬಂಡವಾಳ ಎಷ್ಟಿದೆ ಎಂದು ನೋಡದವನು ಲಾಭದ ಲೆಕ್ಕ ಹಾಕುತ್ತಲೇ ನಿಂತುಹೋಗುತ್ತಾನೆ.

ಆ ಸಂಜೆ ಅಬ್ಬಾ ಬಳಿ ಹೋಗಿ ಕೇಳಿದೆ, "ನೀವು ಯಾವಾಗಲಾದರೂ ಆರೂ ಬೇಸಿನ್ ಓಡಿಸಿದ್ದಿರಾ?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ನಾನು ಮೂರನೇ ತರಗತಿಯಲ್ಲಿದ್ದಾಗ ಓಡಿಸಿದ್ದರಂತೆ. ನೂಲಿಗೆ ಒಳ್ಳೆಯ ಬೆಲೆ ಇತ್ತು, ಒಬ್ಬರ ಬಳಿ ಸಾಲ ತಂದು ಹೆಚ್ಚು ಗೂಡು ಕೊಂಡರು. ನೂಲಿನ ಬೆಲೆ ಇಳಿಯಿತು, ಮಾರಿದ ಹಣ ತಡವಾಗಿ ಬಂತು. ಕೂಲಿ ಕೊಡಲು ಹಣವಿಲ್ಲದೆ ಕೆಲಸ ನಿಂತಿತು. ಗೂಡು ಕಾಯುವುದಿಲ್ಲವಲ್ಲ, ದಿನ ಕಳೆದರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡು ಕೊರೆದು ಹೊರಗೆ ಬರುತ್ತದೆ, ಕೊರೆದ ಗೂಡಿನಿಂದ ಉದ್ದನೆಯ ನೂಲು ಬರುವುದಿಲ್ಲ. ಆರು ಬೇಸಿನ್ ಓಡಿಸಲು ಹೋಗಿ ಎರಡು ತಿಂಗಳು ಒಂದೂ ಓಡಲಿಲ್ಲ. "ನಿಮ್ಮ ಅಮ್ಮಿಯ ಬಳೆ ಆಗ ಹೋದದ್ದು" ಎಂದರು. ನಮ್ಮ ಅಮ್ಮಿ ಗಾಜಿನ ಬಳೆಯನ್ನೇ ಯಾಕೆ ತೊಡುತ್ತಾರೆ ಎಂದು ನಾನು ಎಂದೂ ಕೇಳಿರಲಿಲ್ಲ. ಆರು ಬೇಸಿನ್ ಬಗ್ಗೆ ಅವರೊಡನೆ ವಾದ ಮಾಡಿದ್ದು ನೆನಪಾಗಿ ತಲೆ ತಗ್ಗಿಸಿದೆ.

ಇನ್ನೊಂದು ಮಾತೂ ಹೇಳಿದರು. ಗೂಡಿಗೆ ಹೋಗುವ ಮುನ್ನ ಅವರು ಪೆಟ್ಟಿಗೆಯಲ್ಲಿ ಎಷ್ಟಿದೆ ಎಂದು ಎಣಿಸುತ್ತಾರೆ, ಆದರೆ ಅದಷ್ಟನ್ನೂ ಒಯ್ಯುವುದಿಲ್ಲ. ಮೊದಲು ಕೂಲಿ, ಮನೆ ಖರ್ಚು, ನಮ್ಮ ಫೀಸು ಎತ್ತಿಡುತ್ತಾರೆ. ಉಳಿದದ್ದರಲ್ಲಿ ಗೂಡು. ನಾಲ್ಕು ಎಂಬ ಸಂಖ್ಯೆ ಬಂದದ್ದು ಹಾಗೆ. ಮೆಮೊರಿಯಲ್ಲೂ ಮೊದಲು ಬೇರೆಯವರ ಪಾಲನ್ನು ಎತ್ತಿಡಬೇಕು, ಉಳಿದದ್ದೇ ನಮ್ಮದು.

ಲೆಕ್ಕವೂ ಕೆಲವೊಮ್ಮೆ ತಪ್ಪಬಹುದು. ನಾನು ಅಳೆಯದ ಯಾವುದೋ ಫೈಲು ಇನ್ನೂ ಭಾರವಿರಬಹುದು. ಅದಕ್ಕೆ ಸರ್ ಒಂದು ಬೇಲಿಯನ್ನೂ ಕಲಿಸಿದರು. ಸಿಸ್ಟಮ್‌ಡಿ ಎಂಬುದರ ಸಹಾಯದಿಂದ ಬಿಲ್ಡನ್ನು ಒಂದು ಗುಂಪಿನೊಳಗೆ ಇಟ್ಟು, ಈ ಗುಂಪಿಗೆ ಒಟ್ಟು 1.2 ಜಿಬಿಗಿಂತ ಹೆಚ್ಚು ಮೆಮೊರಿ ಇಲ್ಲ, ಸ್ವಾಪ್ ಸಾಲವೂ ಇಲ್ಲ ಎಂದು ಹೇಳಬಹುದು. ಮಿತಿ ಮೀರಿದರೆ ಸಾಯುವುದು ಆ ಗುಂಪಿನೊಳಗಿನ ಕಂಪೈಲರ್ ಮಾತ್ರ, ಹೊರಗಿರುವ ಬ್ರೌಸರ್‌ಗೆ ಏನೂ ಆಗುವುದಿಲ್ಲ. ತಪ್ಪು ಮಾಡಿದವನಿಗೇ ಪೆಟ್ಟು ಬೀಳುತ್ತದೆ. ಹಾಗೆ ನಿಂತರೂ ನಷ್ಟ ಹೆಚ್ಚಿಲ್ಲ. ಮುಗಿದ ಫೈಲುಗಳ ಲೆಕ್ಕ ನಿಂಜಾ ಬಳಿ ಇರುತ್ತದೆ, ಸಂಖ್ಯೆ ಇಳಿಸಿ ಮತ್ತೆ ಶುರು ಮಾಡಿದರೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ.

ಮುಂದಿನ ಭಾನುವಾರ ಆಪಾ ಪರೀಕ್ಷೆಗೆಂದು ಪಾಠದ ವಿಡಿಯೊ ನೋಡುತ್ತಿದ್ದಳು. "ಪಕ್ಕದಲ್ಲಿ ನನ್ನ ಕೆಲಸ ಹಚ್ಚಲಾ?" ಎಂದು ಕೇಳಿದೆ. ಅವಳು ನನ್ನ ಮುಖ ನೋಡಿದಳು, ಆಮೇಲೆ ನನ್ನ ಲೆಕ್ಕದ ಹಾಳೆ ನೋಡಿದಳು. "ಈ 0.4 ಏನು?" ಎಂದಳು. "ನಿನಗೆ ಇದ್ದಕ್ಕಿದ್ದಂತೆ ಬೇಕಾದರೆ ಎಂದು ಎತ್ತಿಟ್ಟದ್ದು" ಎಂದೆ. "ಹಚ್ಚು" ಎಂದಳು. ಬೇಲಿ ಹಾಕಿ '-ಜೆ2' ಕೊಟ್ಟೆ. ವಿಡಿಯೊ ಒಮ್ಮೆಯೂ ತಡವರಿಸಲಿಲ್ಲ. ಒಬ್ಬನೇ ಮಾಡಿದ್ದಕ್ಕಿಂತ ಹೆಚ್ಚುಕಡಿಮೆ ಅರ್ಧ ಸಮಯದಲ್ಲಿ ಬಿಲ್ಡ್ ಮುಗಿಯಿತು. ಆಮೇಲೊಂದು ರಾತ್ರಿ '-ಜೆ3' ಕೂಡ ನೋಡಿದೆ, ಇನ್ನು ಸ್ವಲ್ಪವೇ ಬೇಗ ಆಯಿತು. ನಮ್ಮ ಲ್ಯಾಪ್‌ಟಾಪ್‌ನಲ್ಲಿ ನಿಜವಾದ ಕೋರ್ ಎರಡೇ, ಪ್ರತಿಯೊಂದೂ ಇಬ್ಬರಂತೆ ತೋರಿಸಿಕೊಳ್ಳುತ್ತದೆ ಅಷ್ಟೇ ಎಂದು ಸರ್ ಹೇಳಿದರು. ಅರ್ಥಶಾಸ್ತ್ರದಲ್ಲಿ ಓದುವ ಇಳಿಮುಖ ಸೀಮಾಂತ ಉತ್ಪನ್ನ ಇದೇ ಇರಬೇಕು.

ಗ್ನೂಕ್ಯಾಶ್‌ನಲ್ಲಿ ಈಗ ಅಬ್ಬಾ ಅವರ ಮೂರು ತಿಂಗಳ ಲೆಕ್ಕ ಇದೆ. ನೋಟ್ ಪುಸ್ತಕವನ್ನು ಅವರು ಬಿಟ್ಟಿಲ್ಲ, ಬಿಡುವುದೂ ಇಲ್ಲ.

ಗೆಳೆಯರೇ, ನಿಮ್ಮಲ್ಲಿ ಎಷ್ಟು ಜನ ಸಾಫ್ಟ್‌ವೇರ್ ಕಟ್ಟುತ್ತೀರೋ ಗೊತ್ತಿಲ್ಲ. ಕಟ್ಟುವವರಿದ್ದರೆ ಎಂಟರ್ ಒತ್ತುವ ಮೊದಲು ಒಂದು ನಿಮಿಷ ನಿಲ್ಲಿ. 'ಅವೈಲೆಬಲ್' ಎಷ್ಟಿದೆ ನೋಡಿ, ಸ್ವಲ್ಪ ಮೀಸಲು ತೆಗೆದಿಡಿ, ಅತಿ ಭಾರದ ಕೆಲಸಕ್ಕೆ ಬೇಕಾದಷ್ಟರಿಂದ ಭಾಗಿಸಿ, ಪ್ರೊಸೆಸರ್ ಸಂಖ್ಯೆಯನ್ನು ಮೀರಬೇಡಿ. ಕಂಪ್ಯೂಟರ್ ನಿಮ್ಮದೊಬ್ಬರದೇ ಅಲ್ಲದಿದ್ದರೆ, ಎಲ್ಲಕ್ಕಿಂತ ಮೊದಲು ಪಕ್ಕದಲ್ಲಿ ಯಾರ ಕಿಟಕಿ ತೆರೆದಿದೆ ಎಂದು ನೋಡಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತದೆ ಗಾದೆ. ಅದೇ ಹಾಸಿಗೆಯಲ್ಲಿ ಇನ್ನೊಬ್ಬರು ಮಲಗಿದ್ದರೆ ಅವರಿಗೆ ಬಿಟ್ಟು ಉಳಿದದ್ದನ್ನು ಅಳೆಯಬೇಕು ಎಂಬುದನ್ನು ನಾನು ಆಪಾಳ ಅರ್ಜಿಯಿಂದ ಕಲಿತೆ.

ಆಪಾಳ ಪರೀಕ್ಷೆ ಹತ್ತಿರ ಬಂದಿದೆ. ದುವಾ ಮಾಡಿ.